ರಿವಾಲ್ವರ್ ಜೊತೆಗೆ ಬಂದ ಕಡತ

ಹೊನ್ನಾಳಿಯ ಗೆಳೆಯನ ರಿವಾಲ್ವರ್ ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಅವನದೂ ನನ್ನದೂ ಒಂದೇ ಕಾಲದವು, ಇಂಗ್ಲೆಂಡಿನಲ್ಲಿ ತಯಾರಾದವು, ನಳಿಗೆಯನ್ನು ಮುಂದಕ್ಕೆ ಬಾಗಿಸಿ ಗುಂಡು ತುಂಬುವ ಹಳೆಯ ಮಾದರಿಯವು. ತೂಕದಲ್ಲಿ, ಉದ್ದದಲ್ಲಿ, ಹಿಡಿಯ ಆಕಾರದಲ್ಲಿ ಅಣ್ಣತಮ್ಮಂದಿರ ಹಾಗೆ. ನೋಡುವವರಿಗೆ ನನ್ನದೇ ಚೆಂದ, ಬೆಳ್ಳಿ ಲೋಟದ ಹಾಗೆ ಫಳಫಳ. ಅವನದು ಬಾಣಲೆಯ ತಳದಂತೆ ಕರ್ರಗೆ. ಆದರೂ ಉರಿಯುತ್ತಿದ್ದದ್ದು ನನ್ನ ಹೊಟ್ಟೆ.

ಹಳೇ ರಿವಾಲ್ವರ್ ಸಂಗ್ರಹಿಸುವ ಹುಚ್ಚು ಎಂದರೆ ಜನ ಗೋಡೆ ತುಂಬ ಆಯುಧ ತೂಗುಹಾಕಿದ ಅರಮನೆಯನ್ನು ಕಲ್ಪಿಸಿಕೊಳ್ಳುತ್ತಾರೆ. ನಾನು ಚನ್ನಗಿರಿಯಲ್ಲಿ ಪಂಪು, ಪೈಪು, ವಾಲ್ವು ಮಾರುವವನು. ಈಗಿನ ಕಾನೂನಿನಲ್ಲಿ ಒಂದು ಲೈಸೆನ್ಸಿಗೆ ಎರಡೇ ಆಯುಧ. ಹಾಗಾಗಿ ನಮ್ಮ ಸಂಗ್ರಹ ಎಂದರೆ ಎರಡು. ಒಂದು ಮನೆಯಲ್ಲಿದ್ದರೆ ಇನ್ನೊಂದಕ್ಕಾಗಿ ಜೀವಮಾನವಿಡೀ ಹುಡುಕಾಟ. ಗುಂಡು ಹಾರಿಸುವ ಆಸೆ ನನಗೂ ಇಲ್ಲ, ಅವನಿಗೂ ಇಲ್ಲ. ನಮಗೆ ಬೇಕಾದದ್ದು ಕಾಗದ. ಮೊದಲು ಕೊಂಡವರು ಯಾರು, ಅವರಿಂದ ಯಾರ ಕೈಗೆ ಬಂತು, ಯಾವ ಚುನಾವಣೆಯಲ್ಲಿ ಯಾವ ಠಾಣೆಗೆ ಒಪ್ಪಿಸಿ ರಸೀದಿ ಪಡೆದರು, ಯಜಮಾನ ತೀರಿಕೊಂಡಾಗ ಯಾವ ಮಗ ತನ್ನ ಹೆಸರಿಗೆ ಬರೆಸಿಕೊಂಡ, ಉಳಿದ ಮಕ್ಕಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೋ ಜಗಳ ತೆಗೆದರೋ, ಇದೆಲ್ಲ ಒಂದೂ ಕೊಂಡಿ ತಪ್ಪದೆ ಸಿಕ್ಕರೆ ಆ ರಿವಾಲ್ವರ್ ನಮ್ಮ ಕಣ್ಣಿಗೆ ದೇವರು. ಕಾಗದ ಇಲ್ಲದ್ದು ಬರೀ ಕಬ್ಬಿಣ. ಅದಕ್ಕಿಂತ ಒಳ್ಳೆಯ ಕಬ್ಬಿಣ ನನ್ನ ಅಂಗಡಿಯಲ್ಲೇ ಇದೆ. ಆದ್ದರಿಂದ ಈ ಹುಚ್ಚಿನವರು ಒಬ್ಬರ ಮನೆಗೆ ಒಬ್ಬರು ಹೋದಾಗ ಆಯುಧ ತೋರಿಸಿ ಎಂದು ಕೇಳುವುದಿಲ್ಲ, ಕಾಗದ ತೋರಿಸಿ ಎಂದು ಕೇಳುತ್ತಾರೆ.

ನನ್ನ ಅಜ್ಜನ ರಿವಾಲ್ವರಿಗೆ ಕಾಗದದ ಕೊರತೆ ಇಲ್ಲ. ಕೊಂಡ ಅಂಗಡಿಯ ರಸೀದಿ, ಮಹಾರಾಜರ ಕಾಲದ ಮುದ್ರೆಯಿರುವ ಲೈಸೆನ್ಸ್ ಪುಸ್ತಕ, ಅಪ್ಪನ ಹೆಸರಿಗೆ ಆದ ವರ್ಗಾವಣೆ, ನನ್ನ ಹೆಸರಿಗೆ ಆದದ್ದು, ಎಲ್ಲವೂ ಇವೆ. ಎಲ್ಲದರಲ್ಲೂ ಐದಂಕಿಯ ಒಂದೇ ನಂಬರ್. ಆ ನಂಬರ್ ರಿವಾಲ್ವರಿನ ಮೇಲೂ ಇರಬೇಕು. ಕಾಗದಕ್ಕೂ ಕಬ್ಬಿಣಕ್ಕೂ ಗಂಟು ಹಾಕುವುದು ಅದೊಂದೇ. ನನ್ನದರ ಮೇಲೆ ಮೊದಲನೆಯ ಅಂಕಿ ಇದೆ, ಎರಡನೆಯದರ ಅರ್ಧ ಇದೆ, ಆಮೇಲೆ ನುಣ್ಣಗೆ ಏನೂ ಇಲ್ಲ.

ಅಳಿಸಿದವನು ನಾನೇ. ನಮ್ಮ ಮನೆಯಲ್ಲಿ ಆಯುಧಪೂಜೆಯ ಹಿಂದಿನ ದಿನ ಹಿತ್ತಿಲಿನಲ್ಲಿ ಹಿತ್ತಾಳೆ ಕೊಡ, ತಂಬಿಗೆ, ದೀಪಗಳ ರಾಶಿ ಬೀಳುತ್ತಿತ್ತು. ಅದರ ಪಕ್ಕದಲ್ಲೇ ಅಜ್ಜ ಗುಂಡು ತೆಗೆದ ರಿವಾಲ್ವರನ್ನು ಇಡುತ್ತಿದ್ದರು. ಪೂಜೆಗೆ ಕೂರುವ ವಸ್ತು ಕರ್ರಗೆ ಇರಬಾರದು ಎಂಬುದು ಮನೆಯ ನಂಬಿಕೆ. ಅದನ್ನು ಉಜ್ಜುವ ಕೆಲಸ ನನ್ನದು. ಹುಣಸೆಹಣ್ಣು, ಒಲೆಯ ಬೂದಿ, ಸ್ವಲ್ಪ ಇಟ್ಟಿಗೆ ಪುಡಿ, ತೆಂಗಿನ ನಾರು. ಅಜ್ಜಿ ಬಂದು ನೋಡಿ "ಮಖ ಕಾಣ್ತೈತೆ ನೋಡು, ನನ್ನ ಬಂಗಾರ" ಎನ್ನುವವರೆಗೂ ಬಿಡುತ್ತಿರಲಿಲ್ಲ. ಮೇಲಿನ ಕಪ್ಪು ಹೊಳಪು ಮೊದಲೆರಡು ವರ್ಷದಲ್ಲೇ ಹೋಯಿತು. ನಂಬರ್ ನಿಧಾನವಾಗಿ ಹೋಯಿತು. ಮದುವೆಯಾಗಿ ಮಕ್ಕಳಾದ ಮೇಲೂ ನಾನೇ ಉಜ್ಜುತ್ತಿದ್ದೆ, ಬೇರೆಯವರಿಗೆ ಬಿಟ್ಟುಕೊಡುತ್ತಿರಲಿಲ್ಲ. ಒಂದು ಚುನಾವಣೆಯಲ್ಲಿ ಠಾಣೆಗೆ ಒಪ್ಪಿಸಲು ಹೋದಾಗ ಬರೆದುಕೊಳ್ಳುವವರು ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು, ಕೊನೆಗೆ ರಸೀದಿಯಲ್ಲಿ "ನಂಬರ್ ಅಸ್ಪಷ್ಟ" ಎಂದು ಬರೆದುಕೊಟ್ಟರು. ಆವತ್ತು ನನಗೆ ಹುಣಸೆಹಣ್ಣು ನೆನಪಾಯಿತು.

ನ್ಯಾಮತಿಯಲ್ಲಿ ಬಂದೂಕು ರಿಪೇರಿಯ ಲೈಸೆನ್ಸ್ ಇರುವ ಒಬ್ಬ ಹಿರಿಯ ಮಿಸ್ತ್ರಿ ಇದ್ದಾರೆ. ತಂದೆಯ ಕಾಲದಿಂದ ಅದೇ ಕಸುಬು. ಸುತ್ತಲಿನ ತಾಲ್ಲೂಕುಗಳ ಬೆಳೆ ಕಾಯುವ ಬಂದೂಕುಗಳೆಲ್ಲ ಅವರ ಕೈ ಕೆಳಗೆ ಹಾದುಹೋದವೇ. ನಾನು ರಿವಾಲ್ವರ್ ಹಿಡಿದು ಅಲ್ಲಿಗೆ ಓಡಿದೆ. ನನ್ನ ಗ್ರಹಚಾರಕ್ಕೆ ಹೊನ್ನಾಳಿಯವನೂ ತನ್ನದಕ್ಕೆ ಎಣ್ಣೆ ಹಾಕಿಸಲು ಅಲ್ಲೇ ಕೂತಿದ್ದ. ನಮ್ಮ ಪರಿಚಯ ಆಗಿದ್ದೂ ಅಲ್ಲೇ, ಅದೇ ದಿನ. ಅವನು ಬಿತ್ತನೆ ಬೀಜದ ವ್ಯಾಪಾರಿ, ನನ್ನ ವಯಸ್ಸಿನವನೇ.

ಮಿಸ್ತ್ರಿ ಭೂತಗನ್ನಡಿ ಇಟ್ಟು ನನ್ನದನ್ನು ನೋಡಿದರು. ಬೆಳಕಿಗೆ ಹಿಡಿದರು. ಉಗುರಿನಿಂದ ಸವರಿದರು.

"ಯಾರ್ರೀ ಸಾಹೇಬ್ರೆ ಇದನ್ನ ಈ ಪರಿ ಉಜ್ಜಿದ್ದು? ಇದೇನು ಬೋಗುಣಿ ಏನ್ರೀ?"

"ಪೂಜೆಗೆ..." ಎಂದೆ.

"ಪೂಜೆ ಮಾಡಾಕೆ ಹೋಗಿ ದೇವ್ರನ್ನೇ ಕಳಕೊಂಡ್ರಿ. ಹೋದ ನಂಬರ್ ಬರಾಕಿಲ್ಲ. ನಾನು ಹೊಸದಾಗಿ ಹೊಡೆದ್ರೆ ಇಬ್ರೂ ಒಳಗೆ ಹೋಗ್ತೀವಿ."

ಹೊನ್ನಾಳಿಯವನ ರಿವಾಲ್ವರ್ ಮೇಜಿನ ಮೇಲಿತ್ತು, ಅದರ ಐದು ಅಂಕಿಗಳೂ ನಿನ್ನೆ ಕೊರೆದಂತೆ ಕಾಣುತ್ತಿದ್ದವು. ಅವನು ಮೆಲ್ಲಗೆ ಅದರ ಮೇಲೆ ಬಟ್ಟೆ ಎಳೆದ. ನನ್ನ ಮನಸ್ಸು ನೋಯಬಾರದು ಅಂತ. ಅವನು ನಕ್ಕಿದ್ದರೆ ನಾನೂ ನಗುತ್ತಿದ್ದೆ. ಬಟ್ಟೆ ಮುಚ್ಚಿದನಲ್ಲ, ಅದು ನನಗೆ ತಡೆಯಲಾಗಲಿಲ್ಲ. ಅಲ್ಲಿಂದ ಶುರುವಾಯಿತು.

ಗೆಳೆತನ ಬೆಳೆಯಿತು, ಹೊಟ್ಟೆಕಿಚ್ಚೂ ಬೆಳೆಯಿತು. ಅವನು ನಮ್ಮ ಮನೆಗೆ ಬರುತ್ತಿದ್ದ, ನಾನು ತುಂಗಭದ್ರೆ ದಾಟಿ ಅವನ ಮನೆಗೆ ಹೋಗುತ್ತಿದ್ದೆ. ಒಂದು ವರ್ಷ ಆಯುಧಪೂಜೆಗೆ ಕರೆದ. ಹೋಗಿ ನೋಡಿದೆ. ಅವರ ಮನೆಯಲ್ಲಿ ರಿವಾಲ್ವರಿಗೆ ನೀರು ಸೋಕಿಸುವುದಿಲ್ಲ. ಒಣ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಸವರಿ, ಒಂದು ಮಣೆಯ ಮೇಲೆ ಕೆಂಪು ವಸ್ತ್ರ ಹಾಸಿ ಇಡುತ್ತಾರೆ. ವಿಭೂತಿ ಕುಂಕುಮ ಎಲ್ಲ ಮಣೆಗೆ, ಆಯುಧಕ್ಕೆ ಒಂದು ಚೆಂಡು ಹೂವು ಮಾತ್ರ. ಅವನ ಅಪ್ಪ ಹಾಕಿಕೊಟ್ಟ ಪದ್ಧತಿಯಂತೆ. ನಾನು ಹೋಳಿಗೆ ಊಟ ಮಾಡಿ, ಚೆನ್ನಾಗಿದೆ ಅಂತ ಹೇಳಿ, ಬಸ್ಸಿನಲ್ಲಿ ಕೂತು ನನ್ನ ಅಜ್ಜನನ್ನು ಬೈದುಕೊಂಡೆ. ಸತ್ತವರನ್ನು ಬೈಯುವಷ್ಟು ಕೆಟ್ಟಿದ್ದೆ.

ಹೀಗಿರುವಾಗ ಮಿಸ್ತ್ರಿ ಒಂದು ಸುದ್ದಿ ಕೊಟ್ಟರು, ಇಬ್ಬರಿಗೂ ಒಟ್ಟಿಗೆ ಕೊಟ್ಟರು. ಜಗಳೂರಿನಲ್ಲಿ ಒಬ್ಬ ನಿವೃತ್ತ ಹೆಡ್‌ಮಿಸ್ಟ್ರೆಸ್ ಹತ್ತಿರ ನಮ್ಮದೇ ಮಾದರಿಯ ಒಂದು ರಿವಾಲ್ವರ್ ಇದೆ, ಕೈಬೆರಳು ಸೆಟೆದುಕೊಂಡು ಅವರಿಗೆ ನೋಡಿಕೊಳ್ಳಲು ಆಗುತ್ತಿಲ್ಲ, ಅವರು ಇರುವುದು ತಂಗಿಯ ಮನೆಯಲ್ಲಿ, ಆ ಮನೆ ತುಂಬ ಸಣ್ಣ ಮಕ್ಕಳು, ಯಾರಿಗಾದರೂ ಲೈಸೆನ್ಸ್ ಇದ್ದವರಿಗೆ ವರ್ಗಾಯಿಸಬೇಕೆಂದಿದ್ದಾರೆ. "ಅದರ ಕಾಗದ ನಾನು ನೋಡೀನಿ. ನಾಲ್ಕು ತಾಲ್ಲೂಕಿನಾಗೆ ಅಂಥ ಕಾಗದ ಇಲ್ರೀ" ಎಂದರು. ಮಿಸ್ತ್ರಿ ಸುಳ್ಳು ಹೇಳುವವರಲ್ಲ. ನನ್ನ ಲೈಸೆನ್ಸಿನಲ್ಲಿ ಒಂದು ಜಾಗ ಖಾಲಿ ಇತ್ತು. ಅವನದರಲ್ಲೂ ಒಂದು ಖಾಲಿ ಇತ್ತು.

ಇಬ್ಬರೂ ಒಟ್ಟಿಗೇ ಹೋದೆವು. ಆಕೆ ತೆಳ್ಳಗೆ, ನೆಟ್ಟಗೆ ಕೂತ ಹೆಂಗಸು. ಮೊದಲು ನಮ್ಮಿಬ್ಬರ ಲೈಸೆನ್ಸ್ ಪುಸ್ತಕ ಕೇಳಿ ಓದಿದರು, ಆಮೇಲೆ ಒಳಗಿನಿಂದ ಒಂದು ಕಡತ ತಂದರು. ದಾರದಲ್ಲಿ ಹೊಲಿದ ಕಡತ, ಪ್ರತಿ ಹಾಳೆಯ ಮೂಲೆಯಲ್ಲಿ ಕೆಂಪು ಶಾಯಿಯ ಸಂಖ್ಯೆ. ಒಬ್ಬ ಅಮಲ್ದಾರರು ಅದನ್ನು ಕೊಂಡದ್ದು, ಕೆಲಸ ಬಿಟ್ಟು ಊರಿಗೆ ಹೋಗುವಾಗ ಬಿಳಿಚೋಡಿನ ಕಡೆ ಕುರಿ ಸಾಕುತ್ತಿದ್ದ ಈಕೆಯ ಅಜ್ಜನಿಗೆ ತೋಳದ ಕಾಟ ಅಂತ ಬರೆದುಕೊಟ್ಟದ್ದು, ಅಮಲ್ದಾರರ ಕೈಬರಹದ ಪತ್ರ, ಆಮೇಲೆ ಅಪ್ಪ, ಆಮೇಲೆ ಈಕೆ, ಅಣ್ಣತಮ್ಮಂದಿರ ಐದು ಒಪ್ಪಿಗೆ ಪತ್ರ, ಪ್ರತಿ ಚುನಾವಣೆಯ ರಸೀದಿ. ಯಾರು ಯಾವಾಗ ಬಂದು ಆಯುಧ ನೋಡಿದರು ಎಂಬುದನ್ನೂ ಆಕೆ ಬರೆದಿಟ್ಟಿದ್ದರು. ಪಕ್ಕದಲ್ಲಿ ಹೊನ್ನಾಳಿಯವನು ಕೆಂಪು ಸಂಖ್ಯೆಗಳನ್ನು ಒಂದೊಂದಾಗಿ ಎಣಿಸುತ್ತಿದ್ದ. ರಿವಾಲ್ವರ್ ಆಮೇಲೆ ಬಂತು. ಐದೂ ಅಂಕಿ ಸ್ವಚ್ಛವಾಗಿದ್ದವು.

"ನಾನು ಮಾರಾಕಿಲ್ಲ, ಕೊಡ್ತೀನಿ" ಎಂದರು ಆಕೆ. "ಆದ್ರೆ ಕೊಡೋ ಮುಂಚೆ ವಿಚಾರಿಸ್ತೀನಿ. ಹೆಣ್ಣು ಕೊಡಬೇಕಾದ್ರೂ ಗಂಡಿನ ಕಡೆಯೋರನ್ನ ವಿಚಾರಿಸ್ತೀವಲ್ರೀ? ಇವರ ಬಗ್ಗೆ ನೀವು ಹೇಳ್ರಿ, ನಿಮ್ಮ ಬಗ್ಗೆ ಅವರು ಹೇಳ್ಲಿ. ಈಗ ಬ್ಯಾಡ, ಎದುರೆದುರಿಗೆ ಯಾರೂ ಖರೆ ಹೇಳಾಕಿಲ್ಲ. ಬರೆದು ಕಳಿಸ್ರಿ, ಇಲ್ಲಾಂದ್ರೆ ಒಬ್ಬೊಬ್ರೇ ಬರ್ರಿ."

ವಾಪಸ್ ಬರುವ ದಾರಿಯುದ್ದಕ್ಕೂ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ನನ್ನ ತಲೆಯಲ್ಲಿ ಒಂದೇ ಯೋಚನೆ. ಹುಣಸೆಹಣ್ಣಿನ ಕಥೆ ಇವನಿಗೆ ಗೊತ್ತು. ಇವನು ಅದೊಂದನ್ನು ಬರೆದರೆ ಸಾಕು, ನನ್ನ ಕಥೆ ಮುಗಿಯಿತು. ಬೀದಿಯ ಜನರಿಗೆ ಹೇಳಿದರೆ ನಗುತ್ತಾರೆ, ಕಾಗದಕ್ಕೆ ಸಂಖ್ಯೆ ಹಾಕಿ ಹೊಲಿದಿಟ್ಟ ಆಕೆಗೆ ಹೇಳಿದರೆ ಹೊಸ್ತಿಲು ಹತ್ತಿಸುವುದಿಲ್ಲ. ಅವನ ಜಾಗದಲ್ಲಿ ನಾನಿದ್ದರೆ ಖಂಡಿತ ಬರೆಯುತ್ತಿದ್ದೆ. ಅವನೂ ಬರೆಯುತ್ತಾನೆ ಎಂದು ನನಗೆ ಅನುಮಾನವೇ ಇರಲಿಲ್ಲ. ದಾವಣಗೆರೆಯಲ್ಲಿ ಬಸ್ಸು ಬದಲಿಸುವಾಗ ಅವನು ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದ. ತಿಂದೆ.

ಹತ್ತು ದಿನ ಅಂಗಡಿಯಲ್ಲಿ ಮನಸ್ಸು ನಿಲ್ಲಲಿಲ್ಲ. ಕೆರೆಬಿಳಚಿಯಿಂದ ಬಂದ ಗಿರಾಕಿಯೊಬ್ಬರಿಗೆ ಎರಡಿಂಚಿನ ವಾಲ್ವಿನ ಬದಲು ಮೂರಿಂಚಿನದು ಕೊಟ್ಟು ಕಳಿಸಿ ಬೈಸಿಕೊಂಡೆ. ಹನ್ನೊಂದನೆಯ ದಿನ ಒಬ್ಬನೇ ಜಗಳೂರಿಗೆ ಹೋದೆ.

ಆಕೆ ಮಜ್ಜಿಗೆ ಕೊಟ್ಟರು. ನಾನು ಊರು, ಮಳೆ, ಬೋರ್‌ವೆಲ್ ಎಲ್ಲ ಮಾತಾಡಿ ಕೊನೆಗೆ ಹೇಳಿದೆ: "ಹೊನ್ನಾಳಿಯವರು ತುಂಬಾ ಒಳ್ಳೆಯವರು. ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಒಂದು ಐತೆ, ಹೇಳಬೇಕೋ ಬ್ಯಾಡವೋ."

"ಹೇಳಾಕೇ ಬಂದೀರಲ್ಲ, ಹೇಳ್ರಿ."

"ಅವರ ಮನೇಲಿ ಆಯುಧಪೂಜೆ ಭಾಳ ಜೋರು. ರಿವಾಲ್ವರನ್ನ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿಬಿಡ್ತಾರೆ. ನಂಬರ್ ಗಿಂಬರ್ ನೋಡಾಕಿಲ್ಲ. ನಿಮ್ಮದು ಅಲ್ಲಿಗೆ ಹೋದ್ರೆ..."

"ಯಾರ ಮನೇಲಿ?"

"ಹೊನ್ನಾಳಿಯವರ ಮನೇಲಿ."

"ಹೊನ್ನಾಳಿಯೋರ ಮನೇಲಾ?"

ಕಿವಿ ಸ್ವಲ್ಪ ಮಂದ ಇರಬೇಕು ಅಂದುಕೊಂಡು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದೆ. ನಾನೇ ಕಣ್ಣಾರೆ ನೋಡಿದ್ದೇನೆ, ಒಂದು ವರ್ಷ ಅಲ್ಲೇ ಹೋಳಿಗೆ ಉಂಡಿದ್ದೇನೆ ಎಂದೂ ಸೇರಿಸಿದೆ. ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸಿದ ಎನ್ನುತ್ತಾರಲ್ಲ, ನಾನು ಒಂದು ಹೆಜ್ಜೆ ಮುಂದೆ ಹೋಗಿ ನನ್ನ ಎಲೆಯ ಕತ್ತೆಯನ್ನೇ ಎತ್ತಿ ಅವನ ಎಲೆಗೆ ಹಾಕಿದೆ. ಆಕೆ ನನ್ನ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಬಗ್ಗಿಸಿದರು. ಕುಡಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ ಮೇಲೆ ನನಗೆ ಪಶ್ಚಾತ್ತಾಪ ಆಯಿತು ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ನನಗೆ ಹಗುರವಾಯಿತು. ಬಸ್ಸಿನಲ್ಲಿ ನಿದ್ದೆ ಕೂಡ ಬಂತು.

ಒಂದು ತಿಂಗಳಾದ ಮೇಲೆ ಆಕೆಯ ಫೋನ್ ಬಂತು. "ನಿಮಗೇ ಕೊಡಾಕೆ ತೀರ್ಮಾನ ಮಾಡೀನಿ. ಅರ್ಜಿ ಹಾಕ್ರಿ" ಎಂದರು, ಇಟ್ಟರು. ನಾನು ಅಂಗಡಿಯಲ್ಲಿದ್ದವರಿಗೆಲ್ಲ ಸೋಡಾ ಕುಡಿಸಿದೆ. ಹೊನ್ನಾಳಿಗೆ ಫೋನ್ ಮಾಡಿ ದನಿಯಲ್ಲಿ ಸ್ವಲ್ಪ ಬೇಸರ ತುಂಬಿ ವಿಷಯ ತಿಳಿಸಿದೆ. ಅವನು "ಭಾಳ ಖುಷಿ ಆತು ಕಣೋ" ಎಂದ. ನಾಟಕ ಎಂದುಕೊಂಡೆ. ನನ್ನಷ್ಟೇ ಚೆನ್ನಾಗಿ ಆಡುತ್ತಾನೆ ಅಂತಲೂ ಅಂದುಕೊಂಡೆ.

ಅರ್ಜಿ, ಪರಿಶೀಲನೆ, ಠಾಣೆಯ ವರದಿ, ದಾವಣಗೆರೆಗೆ ಓಡಾಟ, ಎಲ್ಲ ಮುಗಿಯಲು ತಿಂಗಳುಗಳೇ ಹಿಡಿದವು. ಕೊನೆಗೆ ಜಗಳೂರಿನಲ್ಲಿ ಆಕೆ ರಿವಾಲ್ವರನ್ನೂ ಕಡತವನ್ನೂ ನನ್ನ ಕೈಗಿಟ್ಟರು. ಕಡತದ ಕೊನೆಯ ಹಾಳೆಯಲ್ಲಿ ನನ್ನಿಂದ ಸಹಿ ಹಾಕಿಸಿಕೊಂಡರು. "ಒಟ್ಟು ನಲವತ್ತೊಂದು ಹಾಳೆ ಸರಿಯಾಗಿ ಪಡೆದುಕೊಂಡಿದ್ದೇನೆ" ಎಂದು ಅವರ ಅಕ್ಷರದಲ್ಲಿ ಮೊದಲೇ ಬರೆದಿತ್ತು. ಓದದೆ ಸಹಿ ಮಾಡಿದೆ. ಕಾಗದವೇ ದೇವರು ಎಂದು ಊರೆಲ್ಲ ಹೇಳಿಕೊಂಡು ತಿರುಗುವವನು, ಆಯುಧದ ಮೇಲೆ ಕಣ್ಣಿಟ್ಟು ಕಾಗದ ಓದಲಿಲ್ಲ.

ಮನೆಗೆ ಬಂದು, ಕೈಕಾಲು ತೊಳೆದು, ನಿಧಾನವಾಗಿ ಮೊದಲ ಹಾಳೆಯಿಂದ ಓದಿದೆ. ಮೂವತ್ತೆಂಟರವರೆಗೆ ಸ್ವರ್ಗ. ಮೂವತ್ತೊಂಬತ್ತನೆಯದು ಹೊನ್ನಾಳಿಯವನ ಪತ್ರ.

ಅವನ ಅಕ್ಷರ ನನಗೆ ಗೊತ್ತು. ಅವನು ಬರೆದಿದ್ದ: "ಚನ್ನಗಿರಿಯ ನನ್ನ ಗೆಳೆಯನಿಗೇ ಇದನ್ನು ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಅವನ ಮನೆಯಲ್ಲಿ ಪ್ರತಿ ವರ್ಷ ಪೂಜೆಗೆ ಹುಣಸೆಹಣ್ಣು ಹಾಕಿ ಉಜ್ಜಿ ಅಜ್ಜನ ರಿವಾಲ್ವರಿನ ನಂಬರ್ ಹೋಗಿದೆ. ಇದನ್ನು ಮುಚ್ಚಿಡಬಾರದು, ಅದಕ್ಕೇ ಬರೆದಿದ್ದೇನೆ. ಒಂದು ನಂಬರ್ ಕಳೆದುಕೊಂಡವನು ಇನ್ನೊಂದನ್ನು ಕಳೆಯುವುದಿಲ್ಲ. ನನ್ನ ಹತ್ತಿರ ಪೂರ್ತಿ ಇರುವುದು ಒಂದಿದೆ. ಅವನಿಗೂ ಒಂದಿರಲಿ."

ತಾರೀಖು ನೋಡಿದೆ. ನಾನು ಮಜ್ಜಿಗೆ ಕುಡಿಯುವುದಕ್ಕೆ ನಾಲ್ಕು ದಿನ ಮೊದಲೇ ಆ ಪತ್ರ ಅವರ ಕೈ ಸೇರಿತ್ತು.

ನಲವತ್ತನೆಯ ಹಾಳೆ ಆಕೆಯದೇ ಟಿಪ್ಪಣಿ. ನಾನು ಬಂದ ದಿನ, ಹೊತ್ತು. ಕೆಳಗೆ: "ಹೊನ್ನಾಳಿಯವರ ಮನೆಯಲ್ಲಿ ಹುಣಸೆಹಣ್ಣು, ಬೂದಿ ಹಾಕಿ ಉಜ್ಜುವರೆಂದು ಚನ್ನಗಿರಿಯವರು ತಿಳಿಸಿದರು. ಎರಡು ಬಾರಿ ಕೇಳಿದೆ. ಎರಡು ಬಾರಿಯೂ ಅದನ್ನೇ ಹೇಳಿದರು." ಅಷ್ಟೇ. ಒಂದು ಬೈಗುಳ ಇಲ್ಲ, ಒಂದು ಪ್ರಶ್ನಾರ್ಥಕ ಚಿಹ್ನೆ ಇಲ್ಲ. ಕೆಂಪು ಶಾಯಿಯಲ್ಲಿ ನಲವತ್ತು ಎಂಬ ಸಂಖ್ಯೆ ಮಾತ್ರ.

ಆಕೆಗೆ ಎಲ್ಲ ಗೊತ್ತಿತ್ತು, ಗೊತ್ತಿದ್ದೂ ಮಜ್ಜಿಗೆ ಬಗ್ಗಿಸಿದ್ದರು, ಅವನು ಕೇಳಿಕೊಂಡನೆಂದೇ ರಿವಾಲ್ವರನ್ನೂ ನನಗೆ ಕೊಟ್ಟಿದ್ದರು. ಮೊದಲು ಬಂದ ಯೋಚನೆ ನಾಚಿಕೆಯದಲ್ಲ, ಬ್ಲೇಡಿನದು. ಹೊಲಿಗೆಯ ಬುಡಕ್ಕೆ ಬ್ಲೇಡ್ ಹಿಡಿದರೆ ಒಂದು ಹಾಳೆ ಸುಲಭವಾಗಿ ಬರುತ್ತದೆ. ಬ್ಲೇಡ್ ತಂದೂ ಇಟ್ಟುಕೊಂಡೆ. ಆದರೆ ಮೂವತ್ತೊಂಬತ್ತಾದ ಮೇಲೆ ನಲವತ್ತೊಂದು ಬಂದರೆ ಅದು ಯಾವ ಇತಿಹಾಸ? ನಲವತ್ತೊಂದು ಹಾಳೆ ಪಡೆದೆ ಎಂದು ನನ್ನದೇ ಸಹಿ ಇದೆ. ನಡುವಿನ ಒಂದು ಹಾಳೆ ಇಲ್ಲದ ಕಡತವನ್ನು ನಾನೇ ಎಷ್ಟು ಜನರ ಮುಖದ ಮೇಲೆ ಎಸೆದು, ಇದೊಂದು ಕಾಗದವೇನ್ರೀ ಎಂದು ಎದ್ದು ಬಂದಿಲ್ಲ? ಅರ್ಧ ಗಂಟೆ ಬ್ಲೇಡ್ ಹಿಡಿದು ಕೂತೆ. ಹೆಂಡತಿ ಬಂದು "ಏನ್ರೀ, ಗಡ್ಡ ಮಾಡ್ಕೊಳ್ಳಾಕೆ ಇಲ್ಲಿ ಕೂತೀರಿ?" ಎಂದಳು. ಎತ್ತಿಟ್ಟೆ.

ಆಗ ನನಗೆ ಬಂದದ್ದು ನಾಚಿಕೆ ಎಂದುಕೊಂಡರೆ ಅದೂ ಪೂರ್ತಿ ಸರಿಯಲ್ಲ. ಮೂವತ್ತೊಂಬತ್ತನೆಯ ಹಾಳೆಯನ್ನು ಮತ್ತೆ ಮತ್ತೆ ಓದಿದೆ. ಓದಿದಷ್ಟೂ ಸಿಟ್ಟು ಏರಿತು. ರಿವಾಲ್ವರಿನಲ್ಲಿ ಅವನಿಗೆ ಸಮ ಆಗಬೇಕೆಂದು ಇಷ್ಟೆಲ್ಲ ಮಾಡಿದೆ. ಸಮ ಆದ ದಿನವೇ ಅವನು ಇನ್ನೊಂದು ಲೆಕ್ಕದಲ್ಲಿ ನನ್ನನ್ನು ಬಿಟ್ಟು ಎಲ್ಲಿಗೋ ಹೋಗಿದ್ದ. ಇಂಥ ಪತ್ರ ಬರೆಯುವ ಮನಸ್ಸು ಅವನಿಗೆ ಹೆಂಗೆ ಬಂತು, ನನಗೆ ಯಾಕೆ ಬರಲಿಲ್ಲ? ರಿವಾಲ್ವರಿನ ವಿಷಯದಲ್ಲೂ ಇಷ್ಟು ಹೊಟ್ಟೆ ಉರಿದಿರಲಿಲ್ಲ.

ಮುಂದಿನ ಭಾನುವಾರ ಅವನು ಬಂದ. ಕೈಯಲ್ಲಿ ಬೆಣ್ಣೆ ಬಿಸ್ಕತ್ತಿನ ಪೊಟ್ಟಣ, ಮುಖದ ತುಂಬ ನಗು. ಜಗಳೂರಿನ ರಿವಾಲ್ವರನ್ನು ಮೊದಲೇ ತೆಗೆದು ಮೇಜಿನ ಮೇಲಿಟ್ಟಿದ್ದೆ, ಅದನ್ನು ನೋಡುತ್ತ ಕಡತ ಮರೆಯಲಿ ಎಂದು. ಅವನು ಅದರ ಕಡೆ ಕಣ್ಣೂ ಹಾಯಿಸದೆ ಕೂತ.

"ಕಾಗದ ತಗಂಬಾ."

"ಮೊದ್ಲು ನಂಬರ್ ನೋಡೋ, ಹೆಂಗೈತೆ."

"ಅದೆಲ್ಲಿ ಓಡಿ ಹೋಗುತ್ತೆ? ಕಾಗದ ತಗಂಬಾ ಮಾರಾಯ."

ದಾವಣಗೆರೆಯ ಕಚೇರಿಗೆ ಕೊಟ್ಟಿದ್ದೇನೆ ಎನ್ನಬಹುದಿತ್ತು. ಬೀರುವಿನ ಕೀಲಿ ಕಳೆದಿದೆ ಎನ್ನಬಹುದಿತ್ತು. ಎರಡೂ ಬಾಯಿಗೆ ಬಂದವು. ಆದರೆ ಹೇಳಿದ ಸುಳ್ಳೇ ಆ ಕಡತದೊಳಗೆ ಇತ್ತು, ಇನ್ನೊಂದು ಸುಳ್ಳಿಗೆ ನನ್ನಲ್ಲಿ ಜೀವ ಇರಲಿಲ್ಲ. ತಂದು ಕೊಟ್ಟೆ.

ಅವನು ಓದುವ ಕ್ರಮ ನನಗೆ ಗೊತ್ತು. ಬೆರಳಿಗೆ ಎಂಜಲು ಹಚ್ಚುವುದಿಲ್ಲ, ಹಾಳೆಯ ಮೇಲಿನ ಮೂಲೆ ಹಿಡಿದು ಮಗುಚುತ್ತಾನೆ, ಒಂದನ್ನೂ ಹಾರಿಸುವುದಿಲ್ಲ. ಅಮಲ್ದಾರರ ಪತ್ರವನ್ನು ಗಟ್ಟಿಯಾಗಿ ಓದಿ "ಆಹಾ" ಎಂದ. ಚುನಾವಣೆಯ ರಸೀದಿಗಳಲ್ಲಿ ಸಹಿಗಳನ್ನು ಹೋಲಿಸಿದ. ತನ್ನ ಪತ್ರ ಬಂದಾಗ ಸ್ವಲ್ಪ ನಾಚಿಕೊಂಡು "ಇದನ್ನೂ ಹೊಲ್ದುಬಿಟ್ಟಾರಲ್ಲೋ" ಎಂದು ನಕ್ಕ. ಹಾಳೆ ಮಗುಚಿದ.

ನಾನು ನೆಲ ನೋಡುತ್ತಿದ್ದೆ. ಒಳಗೆ ಕುಕ್ಕರ್ ಕೂಗಿತು. ಅವನು ಓದಿ ಮುಗಿಸಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಆಯಿತು. ಆಮೇಲೆ ನಲವತ್ತೊಂದನೆಯ ಹಾಳೆಯನ್ನೂ ಮಗುಚಿದ ಸದ್ದು ಕೇಳಿತು. ನನ್ನ ಸಹಿ ಇರುವ ಹಾಳೆಯನ್ನೂ ಅವನು ಬಿಡಲಿಲ್ಲ.

ಬೈಯಲಿ ಎಂದು ಕಾದೆ. ಬೈದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ, ಬಟ್ಟೆ ಮುಚ್ಚಿದ ದಿನದಿಂದ ಕೂಡಿಟ್ಟದ್ದನ್ನೆಲ್ಲ ಅನ್ನುತ್ತಿದ್ದೆ. ಅವನು ಕಡತ ಮುಚ್ಚಿ, ದಾರ ಸುತ್ತಿ, ಎರಡೂ ಕೈಯಿಂದ ನನಗೆ ಕೊಟ್ಟ.

"ಎಲ್ಲಾ ಸರಿಯಾಗಿ ಐತೆ" ಎಂದ. "ಒಂದು ಹಾಳೇನೂ ತೆಗೀಬ್ಯಾಡ."

ರಿವಾಲ್ವರ್ ಮೇಜಿನ ಮೇಲೇ ಇತ್ತು. ಅದನ್ನು ಮುಟ್ಟಲಿಲ್ಲ. ಹೆಂಡತಿ ಚಹಾ ತಂದಾಗ ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಬಿಟ್ಟ.

ಆಮೇಲೆ ಅವನು ಬಂದಿಲ್ಲ. ನ್ಯಾಮತಿಗೆ ಹೋದಾಗ ಮಿಸ್ತ್ರಿ ಅವನ ವಿಷಯ ಎತ್ತುವುದಿಲ್ಲ, ನಾನೂ ಕೇಳುವುದಿಲ್ಲ. ಅವನ ಲೈಸೆನ್ಸಿನಲ್ಲಿ ಎರಡನೆಯ ಜಾಗ ಇನ್ನೂ ಖಾಲಿ ಇರಬೇಕು. ನನ್ನಲ್ಲಿ ಈಗ ಎರಡೂ ತುಂಬಿವೆ. ಅಂಥ ಕಾಗದ ಬೇರೆ ಯಾರ ಮನೆಯಲ್ಲೂ ಇಲ್ಲ. ಬಂದವರಿಗೆ ರಿವಾಲ್ವರ್ ತೋರಿಸುತ್ತೇನೆ. ಅವರು ನೋಡಿ, ಹಳೇದು ಅಲ್ವಾ, ಗುಂಡು ಹಾರುತ್ತಾ ಎಂದು ಕೇಳಿ ಹೋಗುತ್ತಾರೆ. ಕಡತವನ್ನು ಯಾರೂ ಕೇಳುವುದಿಲ್ಲ. ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಬೆಲೆ ತಿಳಿಯಬಲ್ಲ ಮನುಷ್ಯ ಈ ನಾಲ್ಕು ತಾಲ್ಲೂಕಿನಲ್ಲಿ ಒಬ್ಬನೇ ಇದ್ದ. ಅವನು ಓದಿಯಾಗಿದೆ.